ಎಣ್ಣೆ ಬಾವಿಯ ನೀರಿಗೆ ಅಡ್ಡ ನಿಂತ ಅಮೀರುನ್ನೀಸಾ

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೇಟಿನ ಕಾವಲುಗಾರ ಆಕಳಿಸುತ್ತಿದ್ದಾನೆ. ಸಣ್ಣದೊಂದು ರಾಸಾಯನಿಕ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಅಮೀರುನ್ನೀಸಾ ಆಗಲೇ ಕೈಗವಸು ತೊಟ್ಟು, ಓವನ್ನಿನಿಂದ ಬಿಸಿ ಸೀಸೆಯೊಂದನ್ನು ತೆಗೆದು ಮೆಲ್ಲಗೆ ಬಗ್ಗಿಸುತ್ತಾರೆ. ಒಳಗಿನ ತಿಳಿ ಅಂಟು ನೀರಿನಂತೆ ಹರಿಯುವುದಿಲ್ಲ. ನಾಲಿಗೆಯಂತೆ ಒಂದಿಷ್ಟು ಇಳಿದು, ಸೀಸೆ ನೆಟ್ಟಗಾದ ಕೂಡಲೇ ವಾಪಸ್ಸು ಹೋಗಿ ಕೂರುತ್ತದೆ.

"ಹಿಂಗಿರ್ಬೇಕು ನೋಡಿ," ಎಂದು ಅವರು ನಗುತ್ತಾರೆ. "ನಾಲ್ಗೆ ಚಾಚ್ಬೇಕು, ಆದ್ರೆ ಮಾತಾಡ್ಬಾರ್ದು."

ಈ ಅಂಟಿನ ಹೆಸರು ಪಾಲಿಮರ್ ಜೆಲ್. ನೆಲದಾಳದಿಂದ ಕಚ್ಚಾ ತೈಲ ತೆಗೆಯುವ ಹಳೆಯ ಎಣ್ಣೆ ಬಾವಿಗಳಲ್ಲಿ ಬರಬರುತ್ತಾ ಎಣ್ಣೆಗಿಂತ ನೀರೇ ಹೆಚ್ಚು ಬರತೊಡಗುತ್ತದೆ. ನೀರು ಮಹಾ ಸೋಮಾರಿ, ನೆಲದೊಳಗೆ ಸಲೀಸಾದ ಬಿರುಕು ಹುಡುಕಿಕೊಂಡು ಅದರಲ್ಲೇ ನುಗ್ಗುತ್ತದೆ. ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಆ ಬಿರುಕಿಗೆ ತೆಳ್ಳನೆಯ ಈ ದ್ರವವನ್ನು ಪಂಪು ಮಾಡಿದರೆ, ಆಳದ ಕಾವಿಗೆ ಅದು ಗಟ್ಟಿಯಾಗಿ ನೀರಿನ ದಾರಿ ಮುಚ್ಚುತ್ತದೆ. ನೀರು ವಿಧಿಯಿಲ್ಲದೆ ಬೇರೆ ದಾರಿ ಹಿಡಿದು ಎಣ್ಣೆಯನ್ನು ತಳ್ಳುತ್ತದೆ. ಜೆಲ್ ಬೇಗ ಗಟ್ಟಿಯಾದರೆ ಕೊಳವೆಯೇ ಕಟ್ಟಿಕೊಂಡು ಬಾವಿ ಹಾಳು. ಗಟ್ಟಿಯಾಗದಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು.

ಕನಕಪುರದ ಅಮೀರುನ್ನೀಸಾ ಹುಟ್ಟಿನಿಂದ ರೇಷ್ಮೆಯವರು. ಮದುವೆಗೆ ಮುಂಚೆ ತವರಿನಲ್ಲಿ, ಆಮೇಲೆ ಗಂಡ ಇಮಾಮ್ ಸಾಬ್ ಜೊತೆ, ಕುದಿನೀರಿನ ಬಾಣಲೆಯ ಮುಂದೆ ನೂಲು ಬಿಚ್ಚಿದವರು. ಗೂಡು ಹದವಾಗಿ ಬೆಂದಿದೆಯೋ ಇಲ್ಲವೋ ಎಂದು ಹಿಚುಕಿ ನೋಡಿ ನೋಡಿ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿವೆ. ಆವಿ ಕುಡಿದ ಇಮಾಮ್ ಸಾಬರಿಗೆ ಉಬ್ಬಸ ಗಂಟುಬಿದ್ದಿತು. ದೊಡ್ಡ ಯಂತ್ರಗಳ ಮುಂದೆ ಮನೆಯ ರಾಟೆ ನಿಂತೇ ಹೋಯಿತು. ಕಾರ್ಖಾನೆಗೆ ಸೀಸೆ ತೊಳೆಯಲು ಸೇರಿದ ಅಮೀರುನ್ನೀಸಾಗೆ ಸೀಸೆ ಬಗ್ಗಿಸಿ ಜೆಲ್ಲಿನ ಹದ ನೋಡುವುದನ್ನು ಕಲಿಸಿದವರು ಕೆಮಿಸ್ಟ್ ಜ್ಯೋತಿಲಕ್ಷ್ಮಿ. ಇಂದು ಮನೆ ನಡೆಯುವುದು ಈ ಕೆಲಸದಿಂದಲೇ.

ಅದೇ ಕೆಲಸಕ್ಕೆ ಈಚೆಗೆ ಸಂಚಕಾರ ಬಂದಿತ್ತು. ಗುಜರಾತಿನ ಹಳೆಯ ಬಾವಿಯೊಂದಕ್ಕೆ ಹೊಸ ಹದದ ಜೆಲ್ ಬೇಕಿತ್ತು. ಡ್ರಮ್ಮುಗಳು ಲಾರಿ ಹತ್ತಿ ಹೋದ ವಾರಕ್ಕೆ, ಬಾವಿಯಾಳದ ಕಾವಿಗೆ ತಾಳುತ್ತದೆಯೇ ಎಂದು ನೋಡಲು ಓವನ್ನಿನಲ್ಲಿ ಉಳಿಸಿಕೊಂಡಿದ್ದ ಅದೇ ಜೆಲ್ಲಿನ ಮೂರು ಸೀಸೆಗಳು ನೀರಾಗಿ ಕೂತವು. ಜ್ಯೋತಿಲಕ್ಷ್ಮಿಯ ಮುಖ ಬಾಡಿತು. ಮಾಲು ವಾಪಸ್ಸು ತರಿಸಬೇಕು. ತರಿಸಿದರೆ ಇರುವ ಒಬ್ಬ ದೊಡ್ಡ ಗಿರಾಕಿಯೂ ಕೈತಪ್ಪಿ, ಕೊಠಡಿಗೆ ಬೀಗ ಬೀಳುತ್ತದೆ.

ಅಮೀರುನ್ನೀಸಾಗೆ ಕಾರಣ ಹೊಳೆಯಿತು. ಗಾಳಿ ಸೋಕಿದರೆ ಬಿಸಿಯಲ್ಲಿ ಜೆಲ್ ಕೆಡುತ್ತದೆ, ಅದಕ್ಕೇ ಸೀಸೆಯ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿರುತ್ತಾರೆ. ಆ ಮೂರು ಸೀಸೆಗಳ ಮುಚ್ಚಳ ತೆರೆದವರು ಅಮೀರುನ್ನೀಸಾರೇ.

"ಹೊಸಾ ಮಾಲು, ಕಣ್ಣಿಗೆ ಹದ ಗೊತ್ತಾಗ್ನಿಲ್ಲ. ಒಸಿ ಬೆಳ್ಳಲ್ಲಿ ಮುಟ್ಟಿ ನೋಡ್ಬುಟ್ಟೆ. ಗೂಡು ಮುಟ್ಟಿದ್ ಕೈ ಅಲ್ವಾ, ಸುಮ್ನಿರಲ್ಲ ಇದು," ಎನ್ನುತ್ತಾ ತಮ್ಮ ಬಲಗೈಯನ್ನೇ ಗದರುತ್ತಾರೆ. "ಹೇಳಿದ್ರೆ ಕೆಲ್ಸ ಹೋಯ್ತದೆ. ಹೇಳ್ದಿದ್ರೆ ಎಲ್ಲಾರ್ದೂ ಹೋಯ್ತದೆ. ಯಾ ಅಲ್ಲಾ ಅಂತ ಮೇಡಮ್ಗೆ ಹೇಳ್ಬುಟ್ಟೆ."

ಜ್ಯೋತಿಲಕ್ಷ್ಮಿ ಕೇಳಿದ್ದು ಒಂದೇ: "ಎಲ್ಲಾ ಸೀಸೆನೂ ತೆಗೆದ್ರಾ?"

ಎಲ್ಲವನ್ನೂ ತೆಗೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೈ ತಾಗದ ಎರಡು ಸೀಸೆಗಳಿದ್ದವು. ಇಬ್ಬರೂ ಒಂದೊಂದನ್ನೇ ಬಗ್ಗಿಸಿದರು. ಎರಡೂ ಗಟ್ಟಿಯಾಗಿಯೇ ನಿಂತಿದ್ದವು. ಆದರೂ ಧೈರ್ಯ ಸಾಲದೆ ಜ್ಯೋತಿಲಕ್ಷ್ಮಿ ಹೊಸದಾಗಿ ಸೀಸೆ ತುಂಬಿ, ಅರ್ಧದಷ್ಟನ್ನು ಬೇಕೆಂದೇ ತೆರೆದು ಮುಚ್ಚಿಟ್ಟರು. ತೆರೆದವು ಕೆಟ್ಟವು, ತೆರೆಯದವು ನಿಂತವು. ಪಂಪು ಮಾಡಿ ಎಂದು ಗುಜರಾತಿಗೆ ಹೇಳಿದ ಮೇಲೆ ಉಳಿದದ್ದು ಕಾಯುವ ಕೆಲಸ.

"ಆ ದಿನಗೋಳ್ನಲ್ಲಿ ತಟ್ಟೇಲಿ ಅನ್ನ ಹಂಗೇ ಉಳೀತಿತ್ತು. ಯಜಮಾನ್ರು 'ಏನಾಯ್ತೇ' ಅಂದ್ರೆ ಪಿತ್ತ ಅಂತಿದ್ದೆ," ಎಂದು ನೆನೆಸಿಕೊಳ್ಳುತ್ತಾರೆ.

ಕೊನೆಗೊಂದು ಮಧ್ಯಾಹ್ನ ಫೋನು ಬಂತು. ಬಾವಿಯಲ್ಲಿ ನೀರು ತಗ್ಗಿದೆ, ಎಣ್ಣೆ ಏರಿದೆ. ಜ್ಯೋತಿಲಕ್ಷ್ಮಿ ಓಡಿ ಬಂದು ತಬ್ಬಿಕೊಂಡರು. ಬೈಗುಳಕ್ಕೆ ಸಿದ್ಧವಾಗಿದ್ದ ಜೀವ ಅಪ್ಪುಗೆಗೆ ಸಿದ್ಧವಿರಲಿಲ್ಲ. ಅಮೀರುನ್ನೀಸಾ ಗಳಗಳನೆ ಅತ್ತುಬಿಟ್ಟರು. ಕೆಲಸ ಉಳಿದಿತ್ತು.

ಅಂದು ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದ್ದಷ್ಟೇ ಗೊತ್ತು. ಎಚ್ಚರವಾದಾಗ ಕನಕಪುರ ದಾಟಿ ಬಸ್ಸು ಸಾತನೂರಿನಲ್ಲಿ ನಿಂತಿತ್ತು. ಕಂಡಕ್ಟರ್ ರೇಗಿದ, "ಏನಮ್ಮಾ, ಊರು ಬಂದಿದ್ದೂ ಗೊತ್ತಾಗದಂಗೆ ನಿದ್ದೇನಾ?"

ಅವನಿಗೆ ಅಂದು ಹೇಳದ ಉತ್ತರವನ್ನು ಅಮೀರುನ್ನೀಸಾ ಈಗ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾ ಹೇಳುತ್ತಾರೆ: "ಎಲ್ಲೋ ನೆಲದೊಳ್ಗೆ ನಾನ್ ನೋಡಿದ್ ಮಾಲು ನೀರ್ಗೆ ಅಡ್ಡ ಕುಂತೈತಪ್ಪಾ. ಅದು ಎದ್ದಿರ್ತದೆ, ನಾನ್ ಒಸಿ ಮಲೀಕಂಡೆ."