ನೆತ್ತಿ ಮುಚ್ಚದ ಕುಲಾವಿ

ತಿಪಟೂರಿನಲ್ಲಿ ಕೂತು ಉಲ್ಲನ್ ಹೆಣೆಯುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಲೆ ಎತ್ತಿ ಬಿಸಿಲು ನೋಡುತ್ತಾರೆ. ಧನುರ್ಮಾಸದ ಬೆಳಗಿನ ಚಳಿ ಬಿಟ್ಟರೆ ಇಲ್ಲಿ ಸ್ವೆಟರ್ ಯಾರಿಗೆ ಬೇಕು ಎಂಬುದು ಅವರ ಪ್ರಶ್ನೆ. ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಅಂಟಿದ ಚಟ, ಬಿಟ್ಟಿಲ್ಲ, ಅಷ್ಟೆ. ನಾನು ಹೆಣೆದ ಮಫ್ಲರುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ನಮ್ಮ ಮನೆಯಿಂದ ರೈಲ್ವೆ ಸ್ಟೇಷನ್ ಮುಟ್ಟಬಹುದು ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ.

ಹಾಗಾಗಿ ನೊಣವಿನಕೆರೆಯ ನನ್ನ ಗೆಳತಿ ಒಂದು ಮಧ್ಯಾಹ್ನ ಬಸ್ಸಿಳಿದು ಬಂದು, ಚಪ್ಪಲಿ ಬಿಡುವುದಕ್ಕೂ ಮೊದಲೇ, "ನಂಗೂ ಹೆಣೆಯೋದು ಹೇಳ್ಕೊಡೇ" ಎಂದಾಗ ಇವಳೂ ಗೇಲಿಗೆ ಶುರು ಮಾಡಿದಳು ಎಂದುಕೊಂಡೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಕ್ರಾಫ್ಟ್ ಪೀರಿಯಡ್ಡು ಬಂತೆಂದರೆ ಕಿಟಕಿ ಹಾರಿ ಹುಣಸೆಮರದ ಕೆಳಗೆ ಹೋಗುತ್ತಿದ್ದವಳು ಅವಳು. ಈಗ ತೋಟ, ಹಸು, ಮನೆ ಎಲ್ಲವೂ ಅವಳ ಮಾತಿನ ಮೇಲೆ ನಡೆಯುತ್ತವೆ. ಶಕುನ, ಪಂಚಾಂಗ ಎಂದರೆ ನಗುವವಳು. ಹೊಸ ಬೋರ್‌ವೆಲ್ಲಿಗೆ ಬೇಕೆಂದೇ ರಾಹುಕಾಲದಲ್ಲಿ ಸ್ವಿಚ್ ಹಾಕಿ, ನೀರು ಬಂದ ಮೇಲೆ ಅತ್ತೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತ ಹೆಂಗಸು.

"ಯಾಕೆ, ಹಸುಗೆ ಸ್ವೆಟರ್ ಹಾಕ್ತೀಯಾ?" ಎಂದೆ.

ಅವಳು ನಗಲಿಲ್ಲ. "ಮಗಳು ಮತ್ತೆ ಬಸ್ರಿ ಕಣೇ," ಎಂದಳು.

ಆ 'ಮತ್ತೆ' ಎಂಬುದರ ಭಾರ ನನಗೆ ಗೊತ್ತಿತ್ತು. ಅವಳ ಒಬ್ಬಳೇ ಮಗಳನ್ನು ಹುಳಿಯಾರಿಗೆ ಕೊಟ್ಟಿದ್ದರು. ಆ ಹುಡುಗಿಗೆ ಎರಡು ಸಲ ಬಸಿರಾಗಿ ಎರಡೂ ನಿಂತಿರಲಿಲ್ಲ. ಎರಡನೆಯದಂತೂ ದಿನ ತುಂಬುವ ಹೊತ್ತಿಗೆ ಹೋಗಿತ್ತು. ಈ ಸಲ ಡಾಕ್ಟರು ಓಡಾಡಬೇಡ ಎಂದಿದ್ದರಿಂದ ತಾಯಿಯ ಮನೆಗೇ ಬಂದು ಮಲಗಿದ್ದಳು. ಆ ಕೂಸಿಗೆ ತನ್ನ ಕೈಯಿಂದಲೇ ಒಂದು ಕುಲಾವಿ ಹೆಣೆಯಬೇಕು, ಹುಟ್ಟಿದ ಕೂಸಿನ ತಲೆಗೆ ಹಾಕುವ ಆ ಪುಟ್ಟ ಟೋಪಿ ಒಂದು ಬಂದರೆ ಸಾಕು, ಬೇರೇನೂ ಕಲಿಯುವುದು ಬೇಡ ಎಂದಳು. ಯಾವತ್ತೂ ನನ್ನಿಂದ ಏನನ್ನೂ ಕೇಳದವಳು ಹಾಗೆ ಕೇಳಿದ್ದೇ ಸಾಕಾಯಿತು. ಹೆಣಿಗೆಯ ಕಡ್ಡಿ ಹುಡುಕಲು ಒಳಗೆ ಹೋದೆ.

ಪಾಠ ಶುರುವಾದದ್ದು ನಮ್ಮ ಜಗುಲಿಯ ಮೇಲೆ. ಹಿಂದಿನ ಬೀದಿಯ ಟೈಲರ್ ಗೆಳತಿಯೂ ಬಂದು ಸೇರಿಕೊಂಡಳು. ಮೂರು ತಲೆಮಾರಿನಿಂದ ಹೊಲಿಗೆಯ ಮನೆತನ ಅವರದು. ಊರಿನ ಅರ್ಧ ಹೆಂಗಸರ ರವಿಕೆ ಅವಳ ಕೈಯಲ್ಲೇ ಆಗುವುದು. ಬಟ್ಟೆಯ ವಿಚಾರದಲ್ಲಿ ತನಗೆ ಬಾರದ್ದು ಒಂದಿದೆ ಎಂಬುದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಒಳ ಹೆಣಿಗೆ, ಹೊರ ಹೆಣಿಗೆಗೆ 'ಸೀದಾ', 'ಉಲ್ಟಾ' ಎಂದು ಹೆಸರಿಟ್ಟವಳೂ ಅವಳೇ. ಮೆಷಿನ್ ತುಳಿದ ಅಭ್ಯಾಸಕ್ಕೆ ಅವಳ ಕಾಲು ಹೆಣೆಯುವಾಗಲೂ ಅಲ್ಲಾಡುತ್ತಿತ್ತು.

ನೊಣವಿನಕೆರೆಯವಳ ಕೈ ಬೇರೆ. ಚಿಕ್ಕಂದಿನಿಂದ ತೆಂಗಿನ ಗರಿ ಹೆಣೆದ ಕೈ ಅದು, ಪ್ರತಿ ಕುಣಿಕೆಯನ್ನೂ ಚಪ್ಪರಕ್ಕೆ ಗರಿ ಬಿಗಿದಂತೆ ಜಗ್ಗುತ್ತಿತ್ತು. ಅವಳು ಮೊದಲು ಹೆಣೆದ ತುಂಡು ನೆಲದ ಮೇಲೆ ಚಿಪ್ಪಿನ ಹಾಗೆ ತಾನೇ ನೆಟ್ಟಗೆ ನಿಂತಿತು. "ಮೆತ್ತಗೆ ಎಳಿಯೇ, ಕೂಸಿನ ತಲೆ ಅದು," ಎಂದು ಗದರಿದೆ. ಗದರಿದ್ದಕ್ಕೆ ಅವಳು ತುಟಿ ಕಚ್ಚಿಕೊಂಡು ಮತ್ತೆ ಶುರು ಮಾಡಿದಳು. ಕೆಲವೇ ಮಧ್ಯಾಹ್ನಗಳಲ್ಲಿ ಅವಳ ಕೈ ಪಳಗಿದ ರೀತಿ ನೋಡಿ ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಅಳತೆ ಎಲ್ರೀ?" ಎಂದಳು ಟೈಲರ್ ಗೆಳತಿ, ಇನ್ನೇನು ಕುಲಾವಿಗೆ ಕುಣಿಕೆ ಹಾಕಬೇಕು ಎನ್ನುವಾಗ. "ಅಳತೆ ಇಲ್ದೆ ನಾನು ಕೈ ಹಾಕಲ್ಲ."

ಹುಟ್ಟದ ಕೂಸಿನ ತಲೆಯ ಅಳತೆ ಯಾರು ಕೊಡಬೇಕು? ನಾವು ಮೂವರೂ ಹೆತ್ತವರೇ, ಆದರೆ ಮಕ್ಕಳ ತಲೆ ಹುಟ್ಟಿದಾಗ ಎಷ್ಟಿತ್ತು ಎಂದು ಒಬ್ಬರಿಗೂ ನೆನಪಿರಲಿಲ್ಲ. ನನ್ನ ಗೆಳತಿ ನೆಟ್ಟಗೆ ನಮ್ಮ ಅಡುಗೆಮನೆಗೆ ಹೋಗಿ ಸುಲಿದ ತೆಂಗಿನಕಾಯಿಯೊಂದನ್ನು ತಂದು ನಡುವೆ ಇಟ್ಟಳು. "ಇಷ್ಟೇ ಇರ್ತದೆ ಬುಡು." ಟೈಲರ್ ಗೆಳತಿ ಬಹಳ ಗಂಭೀರವಾಗಿ ಟೇಪು ತೆಗೆದು ಕಾಯಿಯ ಸುತ್ತಳತೆ ತೆಗೆದಳು. ಕಾಯಿಯ ಮೂರು ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಆವತ್ತು ಅದು ನಮಗೆ ಯಾರಿಗೂ ವಿಚಿತ್ರವೆನಿಸಲಿಲ್ಲ.

ನನಗೆ ತಲೆ ಕೆಡಲು ಶುರುವಾದದ್ದು ಆಮೇಲೆ. ನೊಣವಿನಕೆರೆಯವಳ ಗಂಡ ಕೊಬ್ಬರಿ ಮಾರಲು ತರುವ ದಿನ ಅವಳೂ ಜೊತೆಗೆ ಪೇಟೆಗೆ ಬರುತ್ತಿದ್ದಳು. ಬರುವಾಗಲೆಲ್ಲ ಬ್ಯಾಗಿನಲ್ಲಿ ಆ ಹಳದಿ ಕುಲಾವಿ ಇರುತ್ತಿತ್ತು. ಒಂದು ವಾರ ಮುಕ್ಕಾಲು ಪಾಲು ಆಗಿರುತ್ತಿತ್ತು, ಮುಂದಿನ ವಾರ ನೋಡಿದರೆ ಅಂಚಿನ ನಾಲ್ಕು ಸಾಲು ಮಾತ್ರ. ಅದರ ಮುಂದಿನ ವಾರ ಮತ್ತೆ ನೆತ್ತಿಯ ತನಕ ಬಂದಿರುತ್ತಿತ್ತು. ನಾನು ಮೊದಲು ನನ್ನ ಕಣ್ಣನ್ನೇ ಅನುಮಾನಿಸಿದೆ. ಆಮೇಲೆ ಇವಳು ಎರಡು ಹೆಣೆಯುತ್ತಿರಬೇಕು ಎಂದುಕೊಂಡೆ. ಒಮ್ಮೆ ಉಲ್ಲನ್ ಉಂಡೆಯನ್ನು ಕೈಗೆತ್ತಿಕೊಂಡು ನೋಡಿದರೆ ನೂಲೆಲ್ಲ ಗುಂಗುರು ಗುಂಗುರು. ಹೆಣೆದು ಬಿಚ್ಚಿದ ನೂಲು ಮಾತ್ರ ಹಾಗಿರುತ್ತದೆ.

"ಯಾಕೇ ಬಿಚ್ಚಿದೆ?"

"ಸರಿಯಾಗಿ ಬಂದಿರ್ಲಿಲ್ಲ ಕಣೇ."

ಸುಳ್ಳು. ಹೋದ ವಾರ ನಾನೇ ನೋಡಿದ್ದೆ, ಒಂದು ಕುಣಿಕೆಯೂ ತಪ್ಪಿರಲಿಲ್ಲ. ನನ್ನ ಪಾಠವೇ ಸರಿಯಿಲ್ಲವೇನೋ ಎಂದು ದಪ್ಪ ಕಡ್ಡಿ ಕೊಟ್ಟೆ, ಸುಲಭದ ವಿನ್ಯಾಸ ಹೇಳಿದೆ, ಹೊಗಳಿದೆ, ಬೈದೆ. ಅವಳು ಎಲ್ಲಕ್ಕೂ ತಲೆಯಾಡಿಸಿ, ಮುಂದಿನ ವಾರ ಮತ್ತೆ ಅಂಚಿನ ನಾಲ್ಕು ಸಾಲಿನೊಂದಿಗೆ ಬಂದಳು. ಆ ಕುಲಾವಿಗಾಗಿ ಅಷ್ಟು ಹಂಬಲಿಸಿ ಬಂದವಳು ಅದನ್ನು ಹೀಗೆ ಹಾಳು ಮಾಡುತ್ತಿರುವುದೇಕೆ? ಕೇಳಿದರೆ ಬಸ್ಸಿನ ಹೊತ್ತಾಯಿತು ಎನ್ನುವಳು.

ಒಂದು ದಿನ ಕುಲಾವಿ ಪೂರ್ತಿ ನೆತ್ತಿಗೆ ಬಂದಿತ್ತು. ಇನ್ನು ಉಳಿದದ್ದು ನೂಲು ಕತ್ತರಿಸಿ, ಅದರ ತುದಿಯನ್ನು ಸೂಜಿಗೆ ಪೋಣಿಸಿ, ಕಡ್ಡಿಯ ಮೇಲಿನ ಕುಣಿಕೆಗಳ ಒಳಗಿಂದ ಹಾಯಿಸಿ, ಸಂಚಿಯ ಬಾಯಿ ಎಳೆದಂತೆ ಎಳೆದು ಬಿಗಿಯುವುದು. ಬದಿಗೆ ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು. ಇವತ್ತು ಬಿಡುವುದಿಲ್ಲ ಎಂದು ನಾನು ಕತ್ತರಿ ಎತ್ತಿಕೊಂಡೆ.

ಅವಳು ನನ್ನ ಮಣಿಕಟ್ಟು ಹಿಡಿದಳು. ಹಾಲು ಕರೆಯುವ ಕೈ, ನೋವಾಯಿತು. "ಬ್ಯಾಡ," ಎಂದಳು. ಕುಲಾವಿಯನ್ನು ಕಡ್ಡಿಯ ಸಮೇತ ಬ್ಯಾಗಿಗೆ ತುರುಕಿಕೊಂಡು, ಮಾಡಿಟ್ಟ ಕಾಫಿಯನ್ನೂ ಕುಡಿಯದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟೇ ಹೋದಳು. ನನಗೆ ಸಿಟ್ಟು ಬಂತು, ಅವಮಾನವೂ ಆಯಿತು.

"ನಿಮಗೆ ಗೊತ್ತಾಗ್ಲಿಲ್ವಾ ಅಕ್ಕಾ?" ಎಂದಳು ಟೈಲರ್ ಗೆಳತಿ, ತನ್ನ ಹೆಣಿಗೆಯಿಂದ ಕಣ್ಣೆತ್ತದೆ. "ಹುಟ್ಟೋ ಮುಂಚೆ ಕೂಸಿಗೆ ಹೊಸದು ಮಾಡಿಡಬಾರ್ದು. ನಿಮ್ಮಲ್ಲೂ ಅದೇ, ನಮ್ಮಲ್ಲೂ ಅದೇ. ಕೂಸು ಅತ್ತ ಮೇಲೇನೇ ನಾನು ಅದರ ಬಟ್ಟೆಗೆ ಕತ್ತರಿ ಹಾಕೋದು."

ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹುಟ್ಟಿದ ಕೂಸನ್ನು ಮೊದಲು ಹಿರಿಯರ ಹಳೇ ಪಂಚೆಯಲ್ಲೋ ಸೀರೆಯಲ್ಲೋ ಸುತ್ತುತ್ತಾರೆ, ಹೊಸದೆಲ್ಲ ಆಮೇಲೆ. ನನ್ನ ಮಕ್ಕಳಿಗೂ ಹಾಗೇ ಮಾಡಿದ್ದರು. ಆದರೆ ರಾಹುಕಾಲದಲ್ಲಿ ಸ್ವಿಚ್ ಹಾಕಿದವಳಿಗೂ ಅದಕ್ಕೂ ಎಲ್ಲಿಂದ ಎಲ್ಲಿಯ ಸಂಬಂಧ? ನಂಬುವವಳಾದರೆ ಹೆಣೆಯಲು ಶುರು ಮಾಡಲೇಬಾರದಿತ್ತು. ನಂಬದವಳಾದರೆ ಮುಗಿಸಲು ಏನು ಕಷ್ಟ? ಈ ಎರಡರ ನಡುವೆ ಅವಳು ಎಲ್ಲಿ ನಿಂತಿದ್ದಾಳೆ ಎಂಬುದು ನನಗೆ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಎರಡು ವಾರ ಅವಳು ಬರಲಿಲ್ಲ. ಕೊನೆಗೆ ನಾನೇ ನೊಣವಿನಕೆರೆಯ ಬಸ್ಸು ಹತ್ತಿದೆ.

ಹೋದಾಗ ತಾಯಿ, ಮಗಳು ಇಬ್ಬರೂ ನಡುಮನೆಯಲ್ಲಿದ್ದರು. ಮಗಳು ಗೋಡೆಗೆ ದಿಂಬು ಕೊಟ್ಟು ಒರಗಿಕೊಂಡು ಎರಡೂ ಕೈ ಮುಂದೆ ಚಾಚಿದ್ದಳು. ತಾಯಿ ಕುಲಾವಿಯನ್ನು ಬಿಚ್ಚುತ್ತಾ ಆ ಕೈಗಳಿಗೆ ಹಳದಿ ನೂಲು ಸುತ್ತುತ್ತಿದ್ದಳು. ಇಬ್ಬರೂ ಯಾವುದೋ ಮಾತಿಗೆ ನಗುತ್ತಿದ್ದರು. ನನ್ನನ್ನು ಕಂಡು ಹುಡುಗಿ, "ನಿಮ್ ಸ್ಟೂಡೆಂಟು ಫೇಲ್ ಆಂಟಿ," ಎಂದಳು. ನಾನೂ ನಕ್ಕೆ.

ಅವಳು ಒಳಗೆ ಹೋಗಿ ಮಲಗಿದ ಮೇಲೆ ಗೆಳತಿಯ ಪಕ್ಕ ಕೂತೆ. "ನೀನು ನಂಬ್ತೀಯೇನೇ ಇದನ್ನೆಲ್ಲ?"

"ನಂಬಲ್ಲ," ಎಂದಳು ತಕ್ಷಣ. ಆಮೇಲೆ ಒಳಗೆ ಕೇಳದಂತೆ ದನಿ ತಗ್ಗಿಸಿದಳು. "ಮೊದಲ್ನೇ ಸಲ ನಂಬ್ದೇನೇ ಎಲ್ಲ ತಂದಿಟ್ಟಿದ್ದೆ ಕಣೇ. ಕುಲಾವಿ, ಅಂಗಿ, ಕಾಲುಚೀಲ. ಇನ್ನೂ ಪೆಟ್ಟಿಗೇಲೇ ಐತೆ. ಯಾರಿಗಾದ್ರೂ ಕೊಡಕ್ಕೂ ಮನಸ್ ಬರಲ್ಲ, ಬಿಸಾಕಕ್ಕೂ ಆಗಲ್ಲ. ಇದನ್ನೂ ಮುಗಿಸಿಬುಟ್ಟು, ಆಮೇಲೆ ಹಾಕಕ್ಕೆ ತಲೆ ಇಲ್ದೇ ಹೋದ್ರೆ, ಎಲ್ಲಿ ಇಡ್ಲಿ ಹೇಳು?"

"ಹಂಗಾದ್ರೆ ಹೆಣೆಯೋದಾದ್ರೂ ಯಾಕೆ?"

"ಸುಮ್ನೆ ಕೂತ್ರೆ ತಲೆ ಎಲ್ಲೆಲ್ಲೋ ಹೋಯ್ತದೆ." ಅವಳು ಗದ್ದ ಎತ್ತಿ ಮೇಲಿನ ಅಟ್ಟ ತೋರಿಸಿದಳು. ಕೊಬ್ಬರಿಗೆಂದು ಹಾಕಿದ ಕಾಯಿ ಅಲ್ಲಿ ಸಿಪ್ಪೆಯ ಸಮೇತ ರಾಶಿ ಬಿದ್ದಿತ್ತು. ವರ್ಷವಿಡೀ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಗಿದೆಯೋ ಕೆಟ್ಟಿದೆಯೋ ಎಂದು ನಡುವೆ ಯಾರೂ ಒಡೆಯುವುದಿಲ್ಲ. ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. "ಅದ್ರ ಕೆಳಗೇ ಉಣ್ತೀವಿ, ಮಲಗ್ತೀವಿ. ಒಳಗೆ ಏನಾಗೈತೆ ಅಂತ ಯಾರಾದ್ರೂ ಕೇಳ್ತೀವಾ? ಇದೂ ಹಂಗೇ ಇರ್ಲಿ ಬುಡು, ಕಡ್ಡಿ ಮೇಲೆ."

ನನಗೆ ಅರ್ಥವಾಯಿತು ಎಂದರೆ ಅದು ಪೂರ್ತಿ ನಿಜವಲ್ಲ. ಬಸ್ಸಿನಲ್ಲಿ ವಾಪಸು ಬರುವಾಗಲೂ ಇದು ನಂಬಿಕೆಯೋ, ಭಯವೋ, ಬರೀ ಕೈಗೊಂದು ಕೆಲಸವೋ ಎಂದು ಗೊಂದಲದಲ್ಲೇ ಇದ್ದೆ. ಮನೆಗೆ ಬಂದು, ನಾನು ಹೆಣೆಯುತ್ತಿದ್ದ ಯಜಮಾನರ ಸ್ವೆಟರ್ ಕೈಗೆತ್ತಿಕೊಂಡರೆ ತೋಳಿನ ಕೊನೆಯ ಸಾಲು ಮಾತ್ರ ಬಾಕಿ ಇತ್ತು. ಅದನ್ನು ಮುಗಿಸಲು ನನ್ನ ಕೈಯೂ ಬರಲಿಲ್ಲ. ಕಡ್ಡಿಯ ಸಮೇತ ಬೀರುವಿನಲ್ಲಿಟ್ಟೆ. "ಒಂದು ಕೈ ಚಳಿಗೆ, ಒಂದು ಕೈ ಬಿಸಿಲಿಗಾ?" ಎಂದರು ಅವರು. ನಾನು ಬೀರುವಿನ ಬಾಗಿಲು ಹಾಕಿದೆ.

ಫೋನ್ ಬಂದದ್ದು ಡಾಕ್ಟರು ಹೇಳಿದ ದಿನಕ್ಕಿಂತ ಬಹಳ ಮುಂಚೆ, ಒಂದು ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ. ಅವಳ ಹೆಸರು ಕಂಡು ಸೌಟು ಕೆಳಗಿಟ್ಟೆ. "ನೆತ್ತಿ ಮುಚ್ಚೋದು ಹೆಂಗೇ? ಇಲ್ಲೇ ದೊಡ್ಡಾಸ್ಪತ್ರೇಲಿದೀವಿ, ಬಂದು ಹೇಳ್ಕೊಡು," ಎಂದಳು.

ಹಾಲನ್ನು ಒಲೆಯ ಮೇಲೇ ಬಿಟ್ಟೆ. ಟೈಲರ್ ಗೆಳತಿಯನ್ನೂ ಆಟೋಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆ. ಹೆಣ್ಣು ಕೂಸು. ಅವಸರದಲ್ಲಿ ಬಂದದ್ದರಿಂದ ಸಣ್ಣದು, ಆದರೆ ಗಂಟಲು ಸಣ್ಣದಲ್ಲ, ಕಾರಿಡಾರಿನ ತುದಿಗೂ ಕೇಳುತ್ತಿತ್ತು. ತಾತನ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದರು. ತಲೆ ಬೆಚ್ಚಗಿಡಿ ಎಂದು ನರ್ಸು ಹೇಳಿ ಹೋಗಿದ್ದಳು.

ಗೆಳತಿ ಬೆಂಚಿನ ಮೇಲೆ ಕುಲಾವಿ ಹಿಡಿದು ಕೂತಿದ್ದಳು. ನಾನು ಮಾಡಿಕೊಡಲೇ ಎಂದರೆ ಬೇಡ, ನೀನು ಬರೀ ಬಾಯಲ್ಲಿ ಹೇಳು ಎಂದಳು. ನಾನು ಹೇಳಿದೆ. ಅವಳು ನೂಲು ಕತ್ತರಿಸಿದಳು. ಸೂಜಿಯ ಕಣ್ಣಿಗೆ ನೂಲು ಎರಡು ಸಲ ತಪ್ಪಿತು, ಅದೊಂದನ್ನು ಟೈಲರ್ ಗೆಳತಿ ಮಾಡಿಕೊಟ್ಟಳು. ಒಂದೊಂದೇ ಕುಣಿಕೆ ಕಡ್ಡಿಯಿಂದ ಇಳಿದು ನೂಲಿಗೆ ಬಂತು. ಎಳೆದಳು. ನೆತ್ತಿ ಮುಚ್ಚಿತು. ಬದಿಯ ಹೊಲಿಗೆಯನ್ನೂ ಅವಳೇ ಹಾಕಿದಳು. ಬೋರಿಗೆ ನೀರು ಬಂದ ದಿನವೂ ಅಳದವಳು ಅಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾವೂ ಅತ್ತೆವು.

ಒಳಗೆ ಹೋಗಿ ಹಾಕಿದರೆ ಕುಲಾವಿ ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ನಿಂತಿತು. ಮಂಚದ ಮೇಲಿದ್ದ ಬಾಣಂತಿಗೂ ನಗು ತಡೆಯಲಾಗಲಿಲ್ಲ. "ಅದು ನಿಮ್ಮನೆ ತೆಂಗಿನಕಾಯಿ ಅಳತೆ ಕಣ್ರೀ," ಎಂದು ಟೈಲರ್ ಗೆಳತಿ ಹಣೆ ಚಚ್ಚಿಕೊಂಡಳು.

ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ, ನಾನು ಕೈ ಚಾಚಿದೆ. "ಕೊಡಿಲ್ಲಿ. ಬಿಚ್ಚಿ, ಕುಣಿಕೆ ಕಡಿಮೆ ಮಾಡಿ ಸಂಜೆಯೊಳಗೆ ತರ್ತೀನಿ."

ಗೆಳತಿ ಕೂಸಿನ ತಲೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಬಿಚ್ಚಿದ್ದು ಸಾಕು ಕಣೇ," ಎಂದಳು. "ತಲೇನೇ ಬೆಳ್ಕೊಂಡು ಬರ್ಲಿ."

ಆಮೇಲೆ ಅಂಚನ್ನು ಎರಡು ಮಡಿಕೆ ಮಡಚಿ, ಕೂಸಿನ ಕಣ್ಣು ಕಾಣುವಷ್ಟು ಮೇಲಕ್ಕೆ ಸರಿಸಿದಳು.