ಒಂದೇ ಕೇಬಲ್ಲಿನ ಎರಡು ಡಿಸ್ಕು
ಇಳಕಲ್ಲಿನ ನೇಕಾರ ಈರಪ್ಪಣ್ಣನ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ಹಾಕಿ, ಹಳೇದನ್ನೂ ಅದೇ ಕೇಬಲ್ಲಿಗೆ ಜೋಡಿಸಿ ಬಾಗಲಕೋಟೆಗೆ ವಾಪಸ್ ಬಂದಿದ್ದೆ. ಮರುದಿನ ಫೋನ್ ಮಾಡಿ, ಹೊಸದೂ ನಿಧಾನ ಅಂದ.

"ಎರಡೂ ಒಂದೇ ಕೇಬಲ್ಲಿನಾಗ ಇದ್ರ ಹೊಸದು ಜೋರ್ ಓಡಂಗಿಲ್ಲಣ್ಣ. ಹಳೇದನ್ನ ತಗದುಬಿಡ್ರಿ," ಅಂದೆ.

ವಾರದ ಮೇಲೆ ಹೋದಾಗ ಡಿಸೈನಿನ ಫೋಲ್ಡರ್ ಖಾಲಿ. ಅವನ ತೀರಿಕೊಂಡ ಹೆಂಡತಿ ಬಿಡಿಸಿದ್ದ ಸೆರಗಿನ ಡಿಸೈನುಗಳೆಲ್ಲ ಹಳೇ ಡಿಸ್ಕಿನಲ್ಲಿದ್ದವು. ಅದು ಗುಜರಿಗೆ ಹೋಗಿತ್ತು.

"ಹೊಸದಕ್ಕ ಕಾಪಿ ಮಾಡ್ಕೊಳ್ಳಿಲ್ಲೇನ್ರಿ?" ಅಂದೆ.

"ಮಗ್ಗದಾಗ ಹಳೇ ಹಾಸಿನ ಎಳಿಗೆ ಹೊಸಾ ಎಳಿ ಗಂಟು ಹಾಕ್ತೇವಿ. ಹಳೇದು ಮುಗಿದಲ್ಲಿಂದ ಹೊಸದು ನಡೀತೈತಿ. ನೀವೂ ಎರಡನ್ನೂ ಕಟ್ಟಿದ್ರಿ. ಎಲ್ಲಾ ದಾಟಿರತೈತಿ ಅಂದ್ಕೊಂಡೆ."

ನಾ ಆ ಖಾಲಿ ಫೋಲ್ಡರ್ ಮುಚ್ಚಿದೆ.

"ಈಗೇನೋ ಭಾಳ ಜೋರ್ ಓಡ್ತೈತ್ರಿ," ಅಂದ, ಬೈಯದೆ.

ಓಡದೇ ಏನು? ಹೊರೋದಕ್ಕೆ ಅದರಲ್ಲಿ ನಾ ಏನನ್ನೂ ಉಳಿಸಿರಲಿಲ್ಲ.