ಟವೆಲ್ಲಿನ ಕೆಳಗಿನ ಕೈ

ಮಾನ್ಯ ಓದುಗರಲ್ಲಿ ವಿನಂತಿ. ರಜೆ ಅರ್ಜಿಗಳನ್ನು ಬಿಟ್ಟರೆ ನಾನು ಇದುವರೆಗೆ ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಅಕ್ಷರ ಸೊಟ್ಟಗಿದ್ದಲ್ಲಿ, ಕಾಗುಣಿತ ತಪ್ಪಿದ್ದಲ್ಲಿ ಕ್ಷಮಿಸಬೇಕಾಗಿ ಕೋರುತ್ತೇನೆ.

ಮಲಪನಗುಡಿಯ ನಿವಾಸಿಯಾದ ನಾನು ಸಂಡೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ತಂದೆಯವರು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಕಳೆದ ವರ್ಷ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು. ಬೆರಳು ಮಡಚದೆ ಬಿಟ್ಟರೆ ಆ ಕೈ ಹಾಗೆಯೇ ಸೆಟೆದುಹೋಗುತ್ತದೆಂದು ಹೊಸಪೇಟೆಯ ವೈದ್ಯರು ತಿಳಿಸಿ, ಒಂದು ರಬ್ಬರ್ ಚೆಂಡನ್ನೂ ವ್ಯಾಯಾಮದ ಇಂಗ್ಲಿಷ್ ಹಾಳೆಯನ್ನೂ ಕೊಟ್ಟರು.

ಸದರಿ ಹಾಳೆಯಲ್ಲಿ ಹೋಲ್ಡ್, ಗ್ರಾಸ್ಪ್, ಗ್ರಿಪ್, ಕ್ಲಚ್ ಎಂಬ ಕ್ರಿಯಾಪದಗಳಿದ್ದವು. ಹೋಲ್ಡ್ ಎಂದರೆ ಬೀಳದಂತೆ ಹಿಡಿದಿರುವುದು, ಗ್ರಾಸ್ಪ್ ಎಂದರೆ ಬೆರಳು ಸುತ್ತಿ ಹಿಡಿಯುವುದು, ಗ್ರಿಪ್ ಎಂದರೆ ಬಿಗಿಯಾಗಿ, ಕ್ಲಚ್ ಎಂದರೆ ಹೆದರಿ ಅವುಚಿಕೊಳ್ಳುವುದು ಎಂದು ತರಗತಿಯಲ್ಲಿ ಹೇಳುವಂತೆಯೇ ವಿವರಿಸಿದೆ.

"ಎಲ್ಲಾ ಹಿಡಿಯೋದ ಅಲ್ಲೇನೋ?" ಎಂದರು ತಂದೆ. "ಕೈನ ಕೇಳವಲ್ದು, ಯಾವ ಮಾತಾದ್ರೇನು." ಚೆಂಡನ್ನು ಅವರು ಮುಟ್ಟಲೇ ಇಲ್ಲ.

ಹೀಗಿರಲು, ಅವರ ಹಳೆಯ ಜೊತೆಗಾರರಾದ ಕಂಪ್ಲಿಯ ದಲ್ಲಾಳಿಯೊಬ್ಬರು ನೋಡಲು ಬಂದರು. ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಎದುರಿನವರ ಬೆರಳು ಹಿಡಿದು ತಿಳಿಸುವುದು ವಾಡಿಕೆ. ಹಿಡಿದ ಬೆರಳು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಅವರು ಹೆಗಲ ಟವೆಲ್ಲನ್ನು ತಂದೆಯವರ ಬಲಗೈ ಮೇಲೆ ಹಾಸಿ, ಒಳಗೆ ತಮ್ಮ ಕೈ ತೂರಿಸಿದರು.

"ನಿನ್ನ ಬಿಳೇ ಎತ್ತು ಇಷ್ಟಕ್ಕ ಕೊಡ್ತೀಯೇನ್ಲೇ?"

ಆ ಎತ್ತನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಆದರೂ ತಂದೆಯವರ ಮುಖ ಕೆಂಪಾಯಿತು.

"ಥೂ, ಕುರಿ ರೇಟಿಗೆ ಎತ್ತು ಕೇಳ್ತೀಯಲ್ಲೋ! ನಾಚ್ಕಿ ಇಲ್ಲ ನಿನಗ?"

"ಹಂಗಾರ ನಿನ್ನ ರೇಟು ಹೇಳು. ಬಾಯಿಲೆ ಬ್ಯಾಡ, ಸಂತ್ಯಾಗ ಮಂದಿ ನಗ್ತಾರ."

ಟವೆಲ್ಲು ಬಹಳ ಹೊತ್ತು ಅಲ್ಲಾಡಲಿಲ್ಲ. ಚಹಾ ತಂದ ತಾಯಿಯವರು ಲೋಟದೊಂದಿಗೆ ನಿಂತೇ ಇದ್ದರು. ಆಮೇಲೆ ಬಟ್ಟೆ ಸ್ವಲ್ಪ ಮುದುಡಿತು.

"ಎರಡು ಬೆರಳು ಹಿಡದಾನ್ರೀ ಅಕ್ಕಾ!" ಎಂದು ಕಂಪ್ಲಿಯವರು ತಾಯಿಯವರತ್ತ ತಿರುಗಿ ಕೂಗಿದರು. ಕೂಡಲೇ ತಂದೆಯವರಿಗೆ, "ಲೇ, ಭಾಳ ತುಟ್ಟಿ ಆತಲೇ," ಎಂದರು.

"ಬೇಕಾದ್ರ ತಗೋ, ಇಲ್ಲಾಂದ್ರ ಎದ್ದು ನಡಿ." ತಂದೆಯವರು ಹಾಗೆಂದರೂ ಬೆರಳು ಬಿಡಲಿಲ್ಲ.

ಆ ಹಿಡಿತವನ್ನು ಗ್ರಿಪ್ ಎನ್ನಲು ಬಲ ಸಾಲದು. ಕ್ಲಚ್ ಎನ್ನಲು ಅಲ್ಲಿ ಹೆದರಿಕೆಯಿರಲಿಲ್ಲ. ಈಗ ಶಾಲೆಯಿಂದ ಬಂದ ಮೇಲೆ ಟವೆಲ್ಲಿನ ಕೆಳಗೆ ಕೈಯಿಟ್ಟು, ಇಲ್ಲದ ಎತ್ತನ್ನು ಕೇಳುವ ಸರದಿ ನನ್ನದಾಗಿದೆ. ತಂದೆಯವರು ಇದುವರೆಗೆ ನನ್ನ ಬೆಲೆಗೆ ಒಪ್ಪಿಲ್ಲ. ಮೊನ್ನೆ ಮೂರನೆಯ ಬೆರಳಿಗೂ ಕೈಹಾಕಿದರು.

ಮೇಲ್ಕಂಡ ಬರಹದಲ್ಲಿ ಕನ್ನಡದ್ದಾಗಲಿ, ಇಂಗ್ಲಿಷಿನದ್ದಾಗಲಿ ತಪ್ಪು ಕಂಡುಬಂದಲ್ಲಿ ತಾವು ದಯಮಾಡಿ ತಿದ್ದಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ.